ಗಿರಿಜಾ ಕೇಳಿದ ಪ್ರಶ್ನೆ, ನಾನು ಹೇಳಿದ ಸುಳ್ಳು

ಮುಂದೆ ಓದಬೇಕಾಗಿದ್ದ ಒಬ್ಬ ಹುಡುಗಿಯ ಓದನ್ನು ನಾನು ನಿಲ್ಲಿಸಿದೆ. ಅವಳ ಅಪ್ಪ ನನ್ನ ಮನೆಗೆ ಬಂದು, ಮಗಳನ್ನು ಎಂ.ಎಸ್ಸಿ.ಗೆ ಧಾರವಾಡಕ್ಕೆ ಕಳಿಸಲೋ ಬೇಡವೋ ಎಂದು ಕೇಳಿದರು. ಬೇಡ, ಅವಳಿಗೆ ಭೌತಶಾಸ್ತ್ರ ತಲೆಗೆ ಹತ್ತುವುದಿಲ್ಲ ಎಂದೆ. ಅದು ಸುಳ್ಳು. ಹೇಳುವಾಗಲೇ ಸುಳ್ಳೆಂದು ನನಗೆ ಗೊತ್ತಿತ್ತು. ತಿಳಿಯದೆ ಹೇಳಿದ್ದಲ್ಲ, ಸಿಟ್ಟಿನ ಭರದಲ್ಲಿ ಬಾಯಿ ಜಾರಿದ್ದೂ ಅಲ್ಲ — ಚಹಾದ ಕಪ್ಪು ಕೈಯಲ್ಲಿ ಹಿಡಿದುಕೊಂಡು, ಸಮಾಧಾನದಿಂದ ಕೂತು ಹೇಳಿದ್ದು.

ನನ್ನ ತವರು ಮುಧೋಳ. ಜಮಖಂಡಿಯ ಒಂದು ಕಾಲೇಜಿನಲ್ಲಿ ಬಿ.ಎಸ್ಸಿ. ಹುಡುಗರಿಗೆ ಭೌತಶಾಸ್ತ್ರ ಕಲಿಸಿ ಈಗ ನಿವೃತ್ತಳಾಗಿದ್ದೇನೆ. ನಾನು ಸೇರಿದಾಗ ನಮ್ಮ ವಿಭಾಗದಲ್ಲಿ ನಾನೊಬ್ಬಳೇ ಹೆಂಗಸು. ಹುನ್ನೂರ, ಹಿಪ್ಪರಗಿ, ಬೀಳಗಿ ಕಡೆಯಿಂದ ಬರುತ್ತಿದ್ದ ಹುಡುಗರು ಹಿಂದಿನ ಬೆಂಚಿನಲ್ಲಿ ಕೂತು, ಮೇಡಂ ಯಾವಾಗ ತಪ್ಪುತ್ತಾರೋ ಎಂದು ಕಾಯುತ್ತಿದ್ದಾರೆ ಅಂತಲೇ ನನಗೆ ಅನಿಸುತ್ತಿತ್ತು. ಅವರು ನಿಜವಾಗಿ ಕಾಯುತ್ತಿದ್ದರೋ, ಅದು ನನ್ನ ಭ್ರಮೆಯೋ — ಇರಲಿ. ಅದನ್ನು ಹೇಳಿ ತಪ್ಪಿಸಿಕೊಳ್ಳುವ ಇರಾದೆ ನನಗಿಲ್ಲ.

ಹುಡುಗಿಯ ಹೆಸರು ಗಿರಿಜಾ. ಬನಹಟ್ಟಿಯ ನೇಕಾರರ ಮನೆಯವಳು. ಮನೆಯ ಪಡಸಾಲೆಯಲ್ಲೇ ಪಾವರಲೂಮ್ ಮಗ್ಗಗಳು. ಅಪ್ಪ ಮಲ್ಲಪ್ಪನವರು, ಅಣ್ಣ, ಅವ್ವ ಎಲ್ಲರೂ ಸೀರೆ ನೇಯುವವರು. ದಿನಾ ಬಸ್ಸಿಗೆ ಜಮಖಂಡಿಗೆ ಬಂದು ಗೋಡೆಯ ಬದಿಗೆ ಕೂಡುತ್ತಿದ್ದಳು. ಮಾತು ಕಡಿಮೆ. ಆದರೆ ಒಂದು ಚಾಳಿ ಇತ್ತು — ತಿಳಿಯದೆ ತಲೆ ಅಲ್ಲಾಡಿಸುತ್ತಿರಲಿಲ್ಲ. ಎಲ್ಲರೂ ಹೂಂ ಅಂದಾಗ ಅವಳೊಬ್ಬಳು ಬೋರ್ಡನ್ನೇ ನೋಡುತ್ತ ಸುಮ್ಮನೆ ಕೂತಿರುತ್ತಿದ್ದಳು. ನನಗದು ಕಿರಿಕಿರಿ.

ಅವತ್ತು ನಾನು ಕಲಿಸುತ್ತಿದ್ದದ್ದು ನನಗೆ ಬಹಳ ಇಷ್ಟದ ಪಾಠ. ಸ್ಪ್ರಿಂಗಿಗೆ ಕಟ್ಟಿದ ಗುಂಡೊಂದು ಹಿಂದೆ ಮುಂದೆ ಆಡುತ್ತಿದೆ. ಅದರ ಚಲನೆಯನ್ನು ಕಂಡುಹಿಡಿಯಬೇಕು. ಬಲದಿಂದ ಶುರುಮಾಡಿ ಬಿಡಿಸಬಹುದು, ಶಕ್ತಿಯಿಂದ ಶುರುಮಾಡಿಯೂ ಬಿಡಿಸಬಹುದು. ನನಗೆ ಎರಡನೆಯದೇ ಪ್ರೀತಿ. ಗುಂಡಿನ ಚಲನಶಕ್ತಿ, ಸ್ಪ್ರಿಂಗಿನಲ್ಲಿ ಅಡಗಿದ ಶಕ್ತಿ — ಎರಡೂ ಕೂಡಿ ಯಾವಾಗಲೂ ಅಷ್ಟೇ ಎಂದು ಒಂದು ಸಾಲು ಬರೆಯುವುದು. ಒಟ್ಟು ಬದಲಾಗುವುದಿಲ್ಲ, ಹಾಗಾಗಿ ಅದರ ಬದಲಾವಣೆಯ ದರ ಸೊನ್ನೆ. ಆ ಸಾಲನ್ನು ಕಾಲದ ಮೇಲೆ ಅವಕಲನ ಮಾಡಿದರೆ ಪ್ರತಿಯೊಂದು ಪದದಲ್ಲೂ ವೇಗ ಬಂದು ಕೂತಿರುತ್ತದೆ. ಎಲ್ಲವನ್ನೂ ವೇಗದಿಂದ ಭಾಗಿಸಿ ಅದನ್ನು ಹೊಡೆದುಹಾಕಿದರೆ ಉಳಿಯುವುದೇ ಚಲನೆಯ ಅವಕಲ ಸಮೀಕರಣ, ನಮ್ಮ ಹುಡುಗರ ಬಾಯಲ್ಲಿ ಡಿಫರೆನ್ಷಿಯಲ್ ಇಕ್ವೇಶನ್. ಬಲದ ಹೆಸರೇ ಎತ್ತದೆ ಉತ್ತರ ಬಂದುಬಿಡುತ್ತದೆ. ನಾನು ಚಾಕ್‌ಪೀಸಿನಿಂದ ವೇಗದ ಮೇಲೆ ಅಡ್ಡಗೆರೆ ಎಳೆದೆ. ಸ್ವಲ್ಪ ಠೀವಿಯಿಂದಲೇ ಎಳೆದೆ ಅನ್ನಿ.

ಗಿರಿಜಾ ಎದ್ದು ನಿಂತಳು.

“ಮೇಡಂರೀ, ವೆಲಾಸಿಟಿ ಹೊಡದ ಹಾಕಿದ್ರಿ. ಆದ್ರ ಗುಂಡು ತುದಿಗೆ ಹೋದಾಗ ಅದು ಸೊನ್ನಿ ಆಗತೈತಲ್ರಿ. ಸೊನ್ನಿಯಿಂದ ಹೆಂಗ ಭಾಗಸಾಕ ಬರತೈತ್ರಿ?”

“ಅದು ಒಂದು ಕ್ಷಣ ಅಷ್ಟ. ಮತ್ತ ಹೊಳ್ಳಿ ಬರತೈತಿ,” ಎಂದೆ.

“ಯಾಕ ಬರತೈತ್ರಿ? ಅಲ್ಲೇ ನಿಂತಬಿಟ್ರೂ ಎನರ್ಜಿ ಅಷ್ಟ ಇರತೈತಲ್ರಿ? ನಮ್ಮ ಮನ್ಯಾಗ ಲಾಳಿ ತುದಿಗೆ ಹೋಗಿ ಪೆಟ್ಟಿಗ್ಯಾಗ ನಿಂತಬಿಡತೈತಿ. ಮತ್ತ ಹೊಡದ್ರನ ಬರತೈತಿ. ಈ ಗುಂಡಿಗೆ ಹೊಳ್ಳಿ ಬಾ ಅಂತ ನೀವು ಬರದ ಸಾಲಿನ್ಯಾಗ ಎಲ್ಲಿ ಹೇಳೈತ್ರಿ?”

ಲಾಳಿ ಎಂದರೆ ಮಗ್ಗದಲ್ಲಿ ಅಡ್ಡ ನೂಲು ಹೊತ್ತು ಈ ತುದಿಯಿಂದ ಆ ತುದಿಗೆ ಓಡುವ ಮರದ ತುಂಡು. ಅದು ಹೋಗಿ ನಿಲ್ಲಲು ಎರಡೂ ತುದಿಗೆ ಒಂದೊಂದು ಪೆಟ್ಟಿಗೆ ಇರುತ್ತದೆ. ಅವಳು ಹುಟ್ಟಿದಾಗಿನಿಂದ ಕಣ್ಣೆದುರು ಓಡುತ್ತಿದ್ದದ್ದು ಅದೇ. ಪ್ರಶ್ನೆ ಸಹಜವಾಗಿ ಬಂದಿತ್ತು, ಸೊಕ್ಕು ಲವಲೇಶವೂ ಇರಲಿಲ್ಲ. ನಾನು ಬೋರ್ಡಿನ ಕಡೆ ನೋಡಿದೆ. ಉತ್ತರ ಹೊಳೆಯಲಿಲ್ಲ. ಅಷ್ಟು ವರ್ಷ ಅದೇ ಗೆರೆ ಎಳೆದಿದ್ದೆ, ಒಂದು ಸಲವೂ — ಒಂದೇ ಒಂದು ಸಲವೂ ನನಗೆ ಇದು ತೋಚಿರಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಮೈಯೆಲ್ಲ ಉರಿದುಹೋಯಿತು.

“ಇದು ಫಿಜಿಕ್ಸ್ ಕ್ಲಾಸು. ನಿಮ್ಮ ಮನಿ ಲಾಳಿ ಅಲ್ಲ. ಕೂಡು ಸುಮ್ನ.”

ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. ಅವಳು ಕೂತಳು. ಅವತ್ತಿನಿಂದ ಹುಡುಗರು ಅವಳನ್ನು ‘ಲಾಳಿ’ ಎಂದೇ ಕರೆಯತೊಡಗಿದರು. ನನ್ನ ಕಿವಿಗೂ ಬಿತ್ತು, ಬೇಡ ಎನ್ನಲಿಲ್ಲ. ಅವಳು ಮತ್ತೆ ನನ್ನ ಕ್ಲಾಸಿನಲ್ಲಿ ಪ್ರಶ್ನೆ ಕೇಳಲಿಲ್ಲ.

ಆದರೆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ರೊಟ್ಟಿ ಬಡಿಯುವಾಗ, ಬಸ್ಸಿನಲ್ಲಿ, ಸಮೀರವಾಡಿಯ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಮುಗಿಸಿ ನಮ್ಮ ಯಜಮಾನರು ಬರುವ ದಾರಿ ಕಾಯುವಾಗ — ಅದೇ. ಕೆಲವು ದಿನಕ್ಕೆ ಬಗೆಹರಿಯಿತು. ಹುಡುಗಿ ಕೇಳಿದ್ದು ನೂರಕ್ಕೆ ನೂರು ಸರಿ. ಶಕ್ತಿಯ ಸಾಲೊಂದನ್ನೇ ನೋಡಿದರೆ, ಗುಂಡು ತುದಿಯಲ್ಲಿ ಕಲ್ಲಿನಂತೆ ಕೂತುಬಿಟ್ಟರೂ ಲೆಕ್ಕ ತಪ್ಪುವುದಿಲ್ಲ. ಅದನ್ನು ಹೊಳ್ಳಿಸುವುದು, ಹಿಂದಕ್ಕೆ ತಿರುಗಿಸುವುದು, ಬಲ. ತುದಿಯಲ್ಲಿ ವೇಗ ಸೊನ್ನೆಯಾದರೂ ಬಲ ಸೊನ್ನೆಯಲ್ಲ, ಸ್ಪ್ರಿಂಗು ಎಳೆಯುತ್ತಲೇ ಇರುತ್ತದೆ. ಲಾಳಿಯನ್ನು ಪೆಟ್ಟಿಗೆ ಹಿಡಿದಿಟ್ಟುಕೊಳ್ಳುತ್ತದೆ, ಈ ಗುಂಡನ್ನು ಹಿಡಿದಿಡುವುದು ಏನೂ ಇಲ್ಲ, ಆದ್ದರಿಂದ ಅದು ಹೊಳ್ಳುತ್ತದೆ. ವೇಗವನ್ನು ಹೊಡೆದುಹಾಕುವ ಮೊದಲು ಕಲಿಸುವವರು ಇಷ್ಟು ಹೇಳಲೇಬೇಕು. ನಾನು ಹೇಳಿರಲಿಲ್ಲ, ಯಾಕೆಂದರೆ ನನಗೇ ಗೊತ್ತಿರಲಿಲ್ಲ.

ಮರುದಿನ ಕ್ಲಾಸಿಗೆ ಹೋಗಿ, ‘ಗಿರಿಜಾ, ನೀ ಕೇಳಿದ್ದು ಸರಿ ಇತ್ತು’ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟೇ ಮಾತು. ಚಾಕ್‌ಪೀಸ್ ಕೈಗೆತ್ತಿಕೊಂಡೆ, ಅವಳ ಕಡೆ ನೋಡಿದೆ ಕೂಡ. ಆದರೆ ಮುಂದಿನ ಪಾಠ ತೆಗೆದೆ.

ಇನ್ನೂ ನಾಚಿಕೆಗೇಡಿನ ಮಾತು ಹೇಳುತ್ತೇನೆ. ಮರುವರ್ಷದ ಹುಡುಗರಿಗೆ ಅದೇ ಪಾಠ ಮಾಡುವಾಗ, ಗೆರೆ ಎಳೆಯುವ ಮುನ್ನ ನಿಂತು, “ಇಲ್ಲಿ ಒಂದು ಸೂಕ್ಷ್ಮ ಐತಿ, ಯಾವ ಗೈಡಿನ್ಯಾಗೂ ಸಿಗಂಗಿಲ್ಲ, ಲಕ್ಷ್ಯ ಕೊಟ್ಟು ಕೇಳ್ರಿ” ಎಂದು ಗಿರಿಜಾಳ ಪ್ರಶ್ನೆಯನ್ನು ನನ್ನದೆಂಬಂತೆ ಹೇಳಿದೆ. ಲಾಳಿಯ ಉದಾಹರಣೆ ಸಮೇತ. ಹುಡುಗರು ಕಣ್ಣರಳಿಸಿ ನೋಡಿದರು. ಆಮೇಲೆ ಪ್ರತಿವರ್ಷ ಹೇಳಿದೆ. ಮೇಡಂ ಬಹಳ ಆಳಕ್ಕೆ ಇಳಿದು ಕಲಿಸುತ್ತಾರೆ ಎಂಬ ಹೆಸರು ನನಗೆ ಬಂದದ್ದು ಮುಖ್ಯವಾಗಿ ಅದರಿಂದಲೇ.

ಗಿರಿಜಾಳ ಕೊನೆಯ ವರ್ಷದ ಪರೀಕ್ಷೆ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಮಲ್ಲಪ್ಪನವರು ನಮ್ಮ ಮನೆಗೆ ಬಂದರು. ನಮ್ಮ ಕಡೆ ಇದೊಂದು ರೂಢಿ. ಮಗಳ ಲಗ್ನವಿರಲಿ, ಓದಿರಲಿ, ತಮಗೆ ತಿಳಿಯದ ವಿಷಯವಾದರೆ ತಿಳಿದವರೊಬ್ಬರನ್ನು ಹುಡುಕಿಕೊಂಡು ಹೋಗಿ ಒಂದು ಮಾತು ಕೇಳುವುದು. ಒಬ್ಬರನ್ನೇ ಕೇಳುವುದು. ಅವರು ಹೇಳಿದ್ದಕ್ಕೆ ಕಟ್ಟುಬೀಳುವುದು. ಮಲ್ಲಪ್ಪನವರು ಕುರ್ಚಿಯ ತುದಿಗೆ ಕೂತು ಶುರುಮಾಡಿದರು.

“ಅಕ್ಕಾರ, ಹುಡುಗಿ ಧಾರವಾಡಕ್ಕ ಹೊಕ್ಕೇನಿ ಅಂತಾಳ. ಎಂ.ಎಸ್ಸಿ. ಅಂತ. ಇದರಾಗಿಂದು ನನಗ ಒಂದೂ ತಿಳಿಯಂಗಿಲ್ರಿ. ನೀವೂ ಹೆಣ್ಮಕ್ಕಳು, ಧಾರವಾಡದಾಗ ಕಲ್ತು ಬಂದವರು. ಆಕಿಗೆ ಮೂರು ವರ್ಷ ಕಲಿಸಿದವರು. ನೀವು ಕಳಸು ಅಂದ್ರ ಕಳಸ್ತೇನಿ. ಬ್ಯಾಡ ಅಂದ್ರ ಬಿಡ್ತೇನಿ.”

ನಾನು ಹೆಣ್ಣೆಂದೇ ನನ್ನ ಬಳಿ ಬಂದಿದ್ದರು. ನನ್ನನ್ನು ಕಳಿಸಲು ನನ್ನ ಅಪ್ಪನೂ ಹೀಗೇ ಯಾರನ್ನೋ ಕೇಳಿದ್ದರು, ಆ ಯಾರೋ ‘ಕಳಿಸಿ’ ಎಂದಿದ್ದರು. ಅದೂ ಆ ಹೊತ್ತಿನಲ್ಲಿ ನೆನಪಾಯಿತು. ನೆನಪಾಗಿಯೂ —

ಆ ಕ್ಷಣ ನನ್ನ ತಲೆಯಲ್ಲಿ ಏನಿತ್ತು ಎಂದು ಬಹಳ ಸಲ ಕೇಳಿಕೊಂಡಿದ್ದೇನೆ. ಉತ್ತರ ಸಣ್ಣದು, ಕೊಳಕು. ಈ ಹುಡುಗಿ ಧಾರವಾಡಕ್ಕೆ ಹೋಗುತ್ತಾಳೆ. ನನಗೆ ಕಲಿಸಿದ ಪ್ರೊಫೆಸರರ ಮುಂದೆ ಎದ್ದು ನಿಂತು ಇದೇ ಪ್ರಶ್ನೆ ಕೇಳುತ್ತಾಳೆ. ಅವರು ಮೆಚ್ಚಿ, ಬಿ.ಎಸ್ಸಿ.ಯಲ್ಲಿ ಯಾರು ಕಲಿಸಿದರಮ್ಮಾ, ಅವರೇನು ಹೇಳಿದರು ಎನ್ನುತ್ತಾರೆ. ಅವಳು ಸುಳ್ಳು ಹೇಳುವವಳಲ್ಲ. ಹೆದರಿಕೆ ಇದು. ಇದರ ಕೆಳಗೆ ಇನ್ನೊಂದು ಇತ್ತು, ಹೊಟ್ಟೆಕಿಚ್ಚು. ನನಗೆ ಯಾವತ್ತೂ ಹೊಳೆಯದ್ದು ಅವಳಿಗೆ ಕೂತಲ್ಲೇ ಹೊಳೆದಿತ್ತು.

“ಬ್ಯಾಡ್ರಿ,” ಎಂದೆ. “ಪಾಸಾಗ್ತಾಳ, ಖರೆ. ಆದ್ರ ಈ ವಿಷಯ ಆಕಿಗೆ ಹತ್ತಂಗಿಲ್ಲ. ಅಲ್ಲಿ ಹೋಗಿ ಸೋತು ಬರೋದಕ್ಕಿಂತ ಬಿ.ಎಡ್. ಮಾಡಸ್ರಿ.”

ಮಲ್ಲಪ್ಪನವರ ಮುಖ ಸಣ್ಣದಾಯಿತು. “ಆತ್ರಿ ಅಕ್ಕಾರ. ಖರೆ ಹೇಳಿದ್ರಿ, ಛಲೋ ಆತು” ಎಂದು ಎದ್ದರು. ಹೋಗುವಾಗ ಚೀಲದಿಂದ ಒಂದು ಸೀರೆ ತೆಗೆದು ಮೇಜಿನ ಮೇಲಿಟ್ಟರು. ತಮ್ಮ ಮಗ್ಗದ್ದು, ಗಿರಿಜಾಳ ಅವ್ವ ಕೊಟ್ಟು ಕಳಿಸಿದ್ದು. ನಾನು ತೆಗೆದುಕೊಂಡೆ.

ಮಾರ್ಕ್ಸ್ ಕಾರ್ಡ್ ಒಯ್ಯಲು ಗಿರಿಜಾ ಕಾಲೇಜಿಗೆ ಬಂದ ದಿನ ನಾನು ಅದೇ ಸೀರೆ ಉಟ್ಟಿದ್ದೆ. ಕಂಡವಳೇ, “ನಮ್ಮ ಮಗ್ಗದ್ದರೀ ಅದು. ಛಲೋ ಕಾಣತೈತಿ ನಿಮಗ” ಎಂದಳು. ಆಮೇಲೆ ದನಿ ಇಳಿಸಿ ಹೇಳಿದಳು: “ಅಪ್ಪ ಹೇಳ್ಯಾನ್ರೀ ಮೇಡಂ. ಕಳಸ್ರಿ ಅಂತ ನೀವು ಭಾಳ ಹೇಳಿದ್ರಂತ. ಅಪ್ಪನ ಒಲ್ಲೆ ಅಂದ. ನಿಮ್ಮ ಉಪಕಾರ ಮರಿಯಂಗಿಲ್ರಿ.”

ಆ ಅಪ್ಪ ಯಾಕೆ ಹಾಗೆ ಹೇಳಿದರೆಂದು ಆಗ ನನಗೆ ಅರ್ಥವಾಗಲಿಲ್ಲ. ಅರ್ಥಮಾಡಿಕೊಳ್ಳಲು ನಾನು ಹೋಗಲೂ ಇಲ್ಲ. ನಿಜ ಹೇಳಲು ದೇವರೇ ತಂದು ಎದುರಿಗೆ ನಿಲ್ಲಿಸಿದಂಥ ಹೊತ್ತು ಅದು, ನಾನು ಅವಳ ಬೆನ್ನು ಸವರಿ, “ಇರಲಿ ಬಿಡು, ಬಿ.ಎಡ್. ಮಾಡು” ಎಂದೆ. ನನ್ನ ಸುಳ್ಳಿನ ಮೇಲೆ ಅವಳ ಕೃತಜ್ಞತೆಯನ್ನೂ ಹೊದ್ದುಕೊಂಡು ಮನೆಗೆ ಹೋದೆ.

ಅವಳು ಬಿ.ಎಡ್. ಮಾಡಿದಳು. ರಬಕವಿಯಲ್ಲಿ ಲಗ್ನವಾಯಿತು, ಅಲ್ಲೇ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸತೊಡಗಿದಳು. ಅವಳ ಕೈಯಲ್ಲಿ ಕಲಿತ ಮಕ್ಕಳು ನಮ್ಮ ಕಾಲೇಜಿಗೆ ಬರುತ್ತಿದ್ದರು. ಕ್ಲಾಸಿನಲ್ಲಿ ಯಾವ ಹುಡುಗಿ ತಿಳಿಯದೆ ತಲೆ ಅಲ್ಲಾಡಿಸುವುದಿಲ್ಲವೋ, ಅವಳು ಗಿರಿಜಾಳ ಶಿಷ್ಯೆ ಎಂದು ನನಗೆ ಗೊತ್ತಾಗುತ್ತಿತ್ತು. ಹಬ್ಬಕ್ಕೆ ಅವಳ ಫೋನು ತಪ್ಪುತ್ತಿರಲಿಲ್ಲ. ನಾನೂ ಚೆನ್ನಾಗಿಯೇ ಮಾತಾಡುತ್ತಿದ್ದೆ. ಮನುಷ್ಯರು ಎಂಥೆಂಥದಕ್ಕೆ ಒಗ್ಗಿಕೊಳ್ಳುತ್ತಾರೆ ನೋಡಿ.

ಈ ಸಲ ಅವಳ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. ಮುಖ್ಯ ಅತಿಥಿಯಾಗಿ ಬನ್ನಿ ಎಂದು ಕರೆದಳು. ಹೋದೆ. ಮುಂದಿನ ಸಾಲಿನಲ್ಲಿ ಮಲ್ಲಪ್ಪನವರು ಕೂತಿದ್ದರು. ಮೊಮ್ಮಗ ಏನೋ ಮಾಡೆಲ್ ಮಾಡಿದ್ದನಂತೆ. ಗಿರಿಜಾ ಮೈಕು ಹಿಡಿದು ನನ್ನ ಪರಿಚಯ ಮಾಡಿಕೊಟ್ಟಳು.

“ನನ್ನ ಸಲುವಾಗಿ ನಮ್ಮ ಅಪ್ಪನ ಮುಂದ ಮಾತಾಡಿದವರು ಇವರು. ನಮ್ಮ ಅಪ್ಪ ಇವರ ಮಾತು ಕೇಳಲಿಲ್ಲ. ಹೆಣ್ಣ ಹುಡುಗಿ, ಸಾಕು ಅಂದ. ಹುಡುಗ್ಯಾರ, ನಿಮ್ಮ ಮನ್ಯಾಗ ಯಾರರ ಹಂಗ ಅಂದ್ರ ಸುಮ್ನ ಕೂಡಬ್ಯಾಡ್ರಿ.”

ಚಪ್ಪಾಳೆ ಬಿತ್ತು. ಮಲ್ಲಪ್ಪನವರೂ ಒಂದೆರಡು ಸಲ ಕೈ ತಟ್ಟಿ, ತಲೆಯ ಮೇಲಿನ ಟೊಪ್ಪಿಗೆ ಸರಿಮಾಡಿಕೊಂಡು ನೆಲ ನೋಡುತ್ತ ಕೂತರು. ಆಮೇಲೆ ನಾನು ಮೈಕು ಹಿಡಿದು, ಪ್ರಶ್ನೆ ಕೇಳುವ ಧೈರ್ಯದ ಬಗ್ಗೆ ಭಾಷಣ ಮಾಡಿದೆ. ಹೌದು, ಮಾಡಿದೆ. ಅದಕ್ಕೂ ಚಪ್ಪಾಳೆ ಬಿತ್ತು.

ಗೇಟಿನ ಹತ್ತಿರ ಮಲ್ಲಪ್ಪನವರೇ ಬಂದು ಕೈ ಮುಗಿದರು. “ಮನಸಿಗೆ ಹಚ್ಕೋಬ್ಯಾಡ್ರಿ ಅಕ್ಕಾರ. ಆಕಿ ಹಂಗ ಅಂತಿರ್ತಾಳ.”

“ಆಕಿಗೆ ಯಾಕ ಹಂಗ ಹೇಳಿದ್ರಿ ನೀವು? ಬ್ಯಾಡ ಅಂದಾಕಿ ನಾನ ಅಲ್ಲೇನ್ರಿ?”

“ಮತ್ತೇನ್ ಹೇಳೂದಿತ್ರಿ? ಆಕಿಗೆ ನೀವಂದ್ರ ದೇವರು. ನಿಮ್ಮ ಬಾಯಿಂದನ ಆಕಿಗೆ ತಲಿ ಇಲ್ಲ ಅಂತ ಬಂತು ಅಂದಿದ್ರ ಹುಡುಗಿ ತಡಕೋತಿತ್ತೇನ್ರಿ? ಅಪ್ಪನ ಮ್ಯಾಲ ಸಿಟ್ಟಾಗ್ಲಿ. ಅದನ್ನ ತಡಕೋಬೋದು.”

“ನಿಮ್ಮ ಕೂಡ ಮಾತಾಡ್ತಾಳಿಲ್ಲ?”

“ಮಾತಾಡ್ತಾಳ್ರಿ. ಉಂಡಿ ಏನು, ಗುಳಿಗಿ ತೊಗೊಂಡಿ ಏನು ಅಂತ ಕೇಳ್ತಾಳ. ಕುಂತು ಮಾತಾಡಂಗಿಲ್ಲ.” ನಕ್ಕರು. “ವರ್ಷ ಭಾಳ ಆತು ಬಿಡ್ರಿ. ರೂಢಿ ಆಗೈತಿ.”

ನಾನು ಹುಡುಗಿಯೊಬ್ಬಳ ಓದು ತಪ್ಪಿಸಿದ್ದೇನೆ ಎಂದಷ್ಟೇ ತಿಳಿದಿದ್ದೆ. ಒಂದು ಮನೆಯಲ್ಲಿ ಅಪ್ಪ ಮಗಳ ನಡುವಿನ ಮಾತನ್ನೇ ನಿಲ್ಲಿಸಿದ್ದೇನೆ ಎಂದು ಆ ಗೇಟಿನ ಹತ್ತಿರ ಗೊತ್ತಾಯಿತು. ಅಲ್ಲೇ ಒಳಗೆ ಹೋಗಿ ಹೇಳಬೇಕಿತ್ತು. ಹೇಳಲಿಲ್ಲ. ಜಮಖಂಡಿ ಬಸ್ಸು ಹತ್ತಿದೆ. ಮುಂದಿನ ಭಾನುವಾರ ಗಿರಿಜಾಳ ಮನೆಗೆ ಹೋದೆ.

ಅವಳು ಅಡಿಗೆಮನೆಯಲ್ಲಿ ಕೂತು ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಬನ್ನಿ ಬನ್ನಿ ಎಂದು ಎದ್ದಳು. ಕೂಡು ಎಂದೆ, ಕೂತು ಎಲ್ಲ ಹೇಳಿದೆ. ಬಳಸಿ ಹೇಳಲಿಲ್ಲ. ಅವಳ ಪ್ರಶ್ನೆಯನ್ನು ನನ್ನದೆಂದು ಕಲಿಸಿದ್ದನ್ನೂ ಬಿಡಲಿಲ್ಲ. ಅವಳ ಕೈ ಸೊಪ್ಪಿನ ಮೇಲೆ ಹಾಗೇ ನಿಂತಿತ್ತು. ಆಮೇಲೆ ಸೊಪ್ಪನ್ನು ಬದಿಗೆ ಸರಿಸಿ ಕೇಳಿದಳು.

“ನಾ ಕೇಳಿದ್ದು ಸರಿ ಅಂತ ನಿಮಗ ಯಾವಾಗ ತಿಳೀತ್ರಿ? ಅಪ್ಪ ನಿಮ್ಮ ಮನಿಗೆ ಬರೂಕಿಂತ ಮೊದಲೋ, ಆಮ್ಯಾಲೋ?”

“ಮೊದಲ.”

“ಅಂದ್ರ ಗೊತ್ತಿದ್ದೂ.”

“ಹೌದು.”

“ನಾ ಅಪ್ಪಗ ಏನೇನು ಅಂದೇನಿ ಅಂತ ನಿಮಗ ಗೊತ್ತೈತೇನ್ರಿ?” ಎಂದಳು. “ಲಗ್ನದಾಗ ಕಳಸಿ ಕೊಡುವಾಗ ಅಳಾಕತ್ತಿದ್ದ. ಈಗ್ಯಾಕ ಅಳ್ತಿ, ನಿನಗ ಬೇಕಾದ್ದು ಇದನ ಅಲ್ಲೇನು ಅಂದೆ. ಅಂದೇನ್ರೀ ನಾನು, ಹಂಗ ಅಂದೇನಿ.”

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು. “ಅದು ಬ್ಯಾಡ್ರಿ ಮೇಡಂ. ನನಗ ಹೇಳಿದ್ದು ಆತು. ಈಗ ನಡೀರಿ, ಅಪ್ಪಗ ಹೇಳ್ರಿ. ನಾ ಬರ್ತೇನಿ, ಆದ್ರ ಹೇಳೂದು ನೀವ. ಆಮ್ಯಾಲ ಮಂದಿಗೂ ಹೇಳ್ರಿ. ಮೈಕಿನ್ಯಾಗ ಅಪ್ಪನ್ನ ಅಂದೇನಿ, ಊರ ಕೇಳೈತಿ.” ಈ ಬರಹ ಅದಕ್ಕಾಗಿ.

ಆಟೋದಲ್ಲಿ ಬನಹಟ್ಟಿಗೆ ಹೋದೆವು. ಪಡಸಾಲೆಯಲ್ಲಿ ಮಗ್ಗ ಓಡುತ್ತಿತ್ತು, ಅವಳ ಅಣ್ಣ ನಿಂತು ನೋಡಿಕೊಳ್ಳುತ್ತಿದ್ದ. ಮಲ್ಲಪ್ಪನವರು ಗೋಡೆಗೆ ಒರಗಿ ನೂಲು ಬಿಡಿಸುತ್ತ ಕೂತಿದ್ದರು. ನಾನು ಅವರ ಮುಂದೆ ನೆಲದ ಮೇಲೆ ಕೂತು ಶುರುಮಾಡಿದೆ. ಮಗ್ಗದ ಸಪ್ಪಳದಲ್ಲಿ ಅವರಿಗೆ ಕೇಳಿಸಲಿಲ್ಲ. ದನಿ ಏರಿಸಿದೆ. “ಸುಳ್ಳ ಹೇಳಿದ್ದೆರೀ ನಿಮಗ! ಆಕಿಗೆ ಫಿಜಿಕ್ಸ್ ಛಲೋ ಹತ್ತತಿತ್ತು!” ಇಂಥ ಮಾತನ್ನು ಕೂಗಿ ಹೇಳಬೇಕಾಯಿತು. ಅವರು ಕಿವಿಗೆ ಕೈ ಹಚ್ಚಿ, ಮಗನ ಕಡೆ ನೋಡಿ ಮಗ್ಗ ನಿಲ್ಲಿಸೆಂದು ಸನ್ನೆ ಮಾಡಿದರು.

ಮಗ್ಗ ನಿಂತಿತು, ಅವಳ ಅಣ್ಣ ಹೊರಗೆ ಹೋದ. ಮೊದಲಿನಿಂದ ಹೇಳಿದೆ, ಎಲ್ಲವನ್ನೂ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ತಯಾರಾಗಿದ್ದೆ. ಇಷ್ಟು ವರ್ಷ ಹೊತ್ತ ಅಪವಾದದ ಮಾತನ್ನು ಅವರು ಎತ್ತಲೇ ಇಲ್ಲ. ನನ್ನ ಮುಖವನ್ನೇ ನೋಡುತ್ತ, ನಂಬಲೋ ಬೇಡವೋ ಎಂಬಂತೆ ಕೇಳಿದರು.

“ಅಂದ್ರ... ಆಕಿ ಶಾಣ್ಯಾಕಿ ಇದ್ಲೇನ್ರಿ?”

“ಹೌದ್ರಿ. ನನಗಿಂತ ಶಾಣ್ಯಾಕಿ ಇದ್ಲು.”

ಅವರು ಬಾಗಿಲಲ್ಲಿ ನಿಂತ ಮಗಳ ಕಡೆ ತಿರುಗಿದರು. “ನಾ ದಡ್ಡಿ ಅಂತ ತಿಳದಿದ್ದೆವ್ವಾ ನಿನ್ನ. ಪಾಪ, ಆಕಿಗೆ ಗೊತ್ತಾಗಬಾರದು, ಗೊತ್ತಾಗಬಾರದು ಅಂತ ಇಷ್ಟ ದಿವ್ಸ...” ಗಿರಿಜಾ ಬಂದು ಅಪ್ಪನ ಬದಿಗೆ ನೆಲದ ಮೇಲೆ ಕುಸಿದು ಕೂತಳು. ಅವರ ಕೈ ಹಿಡಿದುಕೊಂಡಳು. ನನ್ನ ಕಡೆ ನೋಡಲಿಲ್ಲ.

ಮಲ್ಲಪ್ಪನವರು ಕಣ್ಣೊರೆಸಿಕೊಂಡು, “ಇನ್ನೊಮ್ಮೆ ಹೇಳ್ರಿ ಅಕ್ಕಾರ” ಎಂದರು. “ಮಗನ್ನ ಒಳಗ ಕರೀತೇನಿ, ಅವನೂ ಕೇಳ್ಲಿ.”

ಹೇಳಿದೆ. ಅವರು ಎಷ್ಟು ಸಲ ಕೇಳಿದರೂ, ಎಲ್ಲಿ ನಿಲ್ಲಿಸಿ ಕೇಳಿದರೂ ಹೇಳುತ್ತೇನೆ.